ಎಲೆ ಮುಟುರಿದ್ದು ಮೇಲಕ್ಕೋ, ಕೆಳಕ್ಕೋ?

ಪ್ರಶ್ನೆ: ನಮ್ಮದು ಬ್ಯಾಡಗಿ ತಾಲೂಕು. ಎರಡು ಎಕರೆ ಮೆಣಸಿನಗಿಡ ಹಚ್ಚಿದ್ದೇವೆ. ಎಲೆ ಎಲ್ಲ ಮುಟುರಿಕೊಂಡಿವೆ. ಅಂಗಡಿಯವರು ಮೂರು ಬಾಟಲಿ ಕೂಡಿಸಿ ಕೊಟ್ಟರು, ಹೊಡೆದೆ. ಏನೂ ಫರಕು ಬೀಳಲಿಲ್ಲ. ಇನ್ನು ಯಾವ ಎಣ್ಣೆ ಹೊಡೆಯಲಿ ಸರ್?

ಉತ್ತರ: ಎಣ್ಣೆ, ಅಂದರೆ ಔಷಧದ ಮಾತು ಆಮೇಲೆ. ಎಲೆ ಯಾವ ಕಡೆ ಮುಟುರಿದೆ ಅನ್ನೋದನ್ನು ನೀವು ಬರೆದೇ ಇಲ್ಲ. ಅಂಚು ಮೇಲಕ್ಕೆ ಮಡಚಿ ದೋಣಿಯ ಹಾಗೆ ಆಗಿದ್ದರೆ ಥ್ರಿಪ್ಸ್ ಅನ್ನೋ ರಸ ಹೀರುವ ಸಣ್ಣ ಹುಳ. ಅಂಚು ಕೆಳಕ್ಕೆ ಬಾಗಿ, ಎಲೆ ಸಣ್ಣದಾಗಿ, ತೊಟ್ಟು ಮಾತ್ರ ಉದ್ದಕ್ಕೆ ಎಳೆದುಕೊಂಡಿದ್ದರೆ ಮೈಟ್ ನುಸಿ. ಮೈಟ್ ಕೀಟವೇ ಅಲ್ಲ, ಜೇಡದ ಬಳಗ, ಎಂಟು ಕಾಲು. ಹಾಗಾಗಿ ರಸ ಹೀರುವ ಹುಳಕ್ಕೆಂದು ಕೊಡುವ ಇಮಿಡಾಕ್ಲೋಪ್ರಿಡ್‌ನಂಥವು ಅದಕ್ಕೆ ತಾಗೋದಿಲ್ಲ. ಇನ್ನು ಆ ಮೂರು ಬಾಟಲಿಯಲ್ಲಿ ಸೈಪರ್‌ಮೆಥ್ರಿನ್ ಥರದ ಕೀಟನಾಶಕ ಇದ್ದರೆ, ನುಸಿ ತಿನ್ನುವ ಒಳ್ಳೆಯ ಹುಳಗಳೇ ಸತ್ತು ನುಸಿ ಇನ್ನೂ ಜಾಸ್ತಿ ಆಗಿರುತ್ತದೆ. ದುಡ್ಡು ಕೊಟ್ಟು ರೋಗ ತಂದ ಹಾಗೆ.

ನಾಳೆ ಬೆಳಿಗ್ಗೆ ಒಂದು ಬಿಳಿ ಹಾಳೆ ತಗೊಂಡು ಹೊಲಕ್ಕೆ ಹೋಗಿ. ತುದಿ ಚಿಗುರಿನ ಕೆಳಗೆ ಹಾಳೆ ಹಿಡಿದು ಬೆರಳಿನಿಂದ ನಾಲ್ಕೈದು ಸಲ ತಟ್ಟಿ. ಹಾಳೆ ಮೇಲೆ ನೂಲಿನ ತುಣುಕಿನಂಥವು ಓಡಾಡಿದರೆ ಥ್ರಿಪ್ಸ್. ಹೂವನ್ನೂ ಹಾಗೇ ತಟ್ಟಿ. ಚಿಗುರಿನಲ್ಲಿ ತಿಳಿಹಳದಿ ಬಣ್ಣದವು ಇದ್ದರೆ ಹಳೆಯ ಜಾತಿಯ ಥ್ರಿಪ್ಸ್, ಹೂವಿನಿಂದ ಕಪ್ಪಗಿನವು ಉದುರಿದರೆ ಹೊಸ ಕಪ್ಪು ಥ್ರಿಪ್ಸ್. ಇದನ್ನು ನಮ್ಮ ದೇಶದಲ್ಲಿ ಮೊದಲು ಗುರುತಿಸಿದ್ದು 2015ರಲ್ಲಿ, ಬೆಂಗಳೂರಿನ ಪಪ್ಪಾಯಿ ಗಿಡದಲ್ಲಿ. 2021-22ರ ಹಂಗಾಮಿನಲ್ಲಿ ಆಂಧ್ರ, ತೆಲಂಗಾಣ, ನಮ್ಮ ಕಡೆ ಎಲ್ಲ ಮೆಣಸಿನಕಾಯಿ ಬೆಳೆದವರನ್ನು ಅಳಿಸಿದ್ದು ಇದೇ. ಹೂವಿನೊಳಗೇ ಕೂತು ಕೆರೆದು ಹೀರುವುದರಿಂದ ಹೂವು ಉದುರಿ ಕಾಯಿ ಕಟ್ಟೋದಿಲ್ಲ. ಮೈಟ್ ಮಾತ್ರ ಬರಿಗಣ್ಣಿಗೆ ಕಾಣೋದಿಲ್ಲ, ಎಳೆ ಎಲೆಯ ಹಿಂಭಾಗವನ್ನು ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿಯಲ್ಲೇ ನೋಡಬೇಕು.

ಎರಡೂ ಸಿಗಲಿಲ್ಲ, ಗಿಡ ಗಿಡ್ಡ, ಎಲೆ ಹಳದಿ, ಬಿಳಿನೊಣ ಹಾರುತ್ತಿವೆ ಅಂದರೆ ಅದು ವೈರಸ್. ಅದಕ್ಕೆ ಔಷಧ ಇಲ್ಲ, ಅಲ್ಲೊಂದು ಇಲ್ಲೊಂದು ಇದ್ದಾಗಲೇ ಕಿತ್ತು ಹೂತುಬಿಡಿ. ಇನ್ನೊಂದು ಕೇಳಬೇಕು: ಪಕ್ಕದ ಗೋವಿನಜೋಳದಲ್ಲಿ ಯಾರಾದರೂ ಕಸ ಸಾಯಿಸುವ ಎಣ್ಣೆ 2,4-ಡಿ ಹೊಡೆದರಾ? ಅಥವಾ ಅದೇ ಪಂಪನ್ನು ಸುಮ್ನೆ ನೀರಲ್ಲಿ ತೊಳೆದು ಮೆಣಸಿನಗಿಡಕ್ಕೆ ತಂದಿರಾ? ಆಗಲೂ ಎಲೆ ಸೊಟ್ಟ ಆಗುತ್ತದೆ, ಎಷ್ಟೋ ಮಂದಿ ಅದನ್ನೇ ರೋಗ ಅಂದುಕೊಂಡು ಮತ್ತೆ ಅದೇ ಪಂಪಿನಲ್ಲಿ ಹೊಡೆಯುತ್ತಾರೆ!

ಮೈಟ್ ಆದರೆ ನೀರಲ್ಲಿ ಕರಗುವ ಗಂಧಕ ಸಾಕಾಗಬಹುದು, ಉರಿಬಿಸಿಲಲ್ಲಿ ಬೇಡ. ಥ್ರಿಪ್ಸ್‌ಗೆ ನೀಲಿ ಅಂಟು ಹಾಳೆ ಕಟ್ಟಿ, ಒಂದೇ ಔಷಧವನ್ನು ಮತ್ತೆ ಮತ್ತೆ ಹೊಡೆಯಬೇಡಿ. ನಾಲ್ಕು ಎಲೆ ಕಿತ್ತುಕೊಂಡು ಹನುಮನಮಟ್ಟಿ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ತೋರಿಸಿದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ಗೋವಿನಜೋಳದ ಸುಳಿಯಲ್ಲಿ ಕೀಡೆ ಬಿದ್ದಿದೆ. ಇದು ಹಳೆಯ ಸೈನಿಕ ಹುಳುವೋ, ಹೊಸದೋ? ಯಾವಾಗ ಹೊಡೆಯಬೇಕು? (ಶಿರಹಟ್ಟಿ ಕಡೆಯ ಓದುಗರು)

ಉತ್ತರ: ತಲೆ ಮೇಲೆ ತಿರುಗುಮುರುಗಾದ ಇಂಗ್ಲಿಷ್ ವೈ ಗೆರೆ, ಬಾಲದ ಹತ್ತಿರ ಚೌಕವಾಗಿ ನಾಲ್ಕು ಕಪ್ಪು ಚುಕ್ಕೆ ಇದ್ದರೆ ಹೊಸದು, ಫಾಲ್ ಸೈನಿಕ ಹುಳು. ನಮ್ಮ ದೇಶದಲ್ಲಿ 2018ರಲ್ಲಿ ಶಿವಮೊಗ್ಗದಲ್ಲಿ ಮೊದಲು ಸಿಕ್ಕಿದ್ದು. ಸುಳಿಯಲ್ಲಿ ಕಟ್ಟಿಗೆ ಪುಡಿಯಂಥ ಹಿಕ್ಕೆ ಕಂಡರೂ ಸಾಕು. ಬದುವಿನ ಸಾಲು ನೋಡಿ ಲೆಕ್ಕ ಹಾಕಬೇಡಿ, ಒಳಗೆ ಹೋಗಿ ಐದು ಕಡೆ ಇಪ್ಪತ್ತಿಪ್ಪತ್ತು ಗಿಡ ನೋಡಿ. ನೂರರಲ್ಲಿ ಹುಳ ಬಿದ್ದ ಗಿಡ ಹತ್ತು ದಾಟಿದರೆ ಔಷಧ ಹೊಡೆಯಿರಿ, ಸಂಜೆ ಹೊತ್ತು, ಸುಳಿಯೊಳಗೇ ಬೀಳುವ ಹಾಗೆ. ತುದಿಯಲ್ಲಿ ತುರಾಯಿ (ಗಂಡು ಹೂವಿನ ಗೊಂಚಲು) ಬಂದ ಮೇಲೆ ಹೊಡೆದು ಲಾಭ ಇಲ್ಲ. ವಾಸನೆಯಿಂದ ಗಂಡು ಪತಂಗ ಸೆಳೆಯುವ ಮೋಹಕ ಬಲೆಯನ್ನು ಎಕರೆಗೆ ಐದು ಕಟ್ಟಿದ್ದರೆ ಪತಂಗ ಬಂದಿದ್ದು ಮೊದಲೇ ಗೊತ್ತಾಗುತ್ತಿತ್ತು, ಅಲ್ವಾ?

ಪ್ರಶ್ನೆ: ಉಳ್ಳಾಗಡ್ಡಿಯಲ್ಲಿ ಒಂದು ಹುಲ್ಲು ಎಷ್ಟು ಕಿತ್ತರೂ ವಾರದಲ್ಲಿ ಮತ್ತೆ ಏಳುತ್ತದೆ. ಏನದು? (ನವಲಗುಂದ)

ಉತ್ತರ: ಕಡ್ಡಿಯನ್ನು ಬೆರಳಲ್ಲಿ ಹೊರಳಿಸಿ ನೋಡಿ. ಮೂರು ಅಂಚು ತಾಗಿದರೆ ಅದು ಜೇಕು, ಹುಲ್ಲಿನ ಜಾತಿಯೇ ಅಲ್ಲ. ಕಿತ್ತಾಗ ಮೇಲಿನದಷ್ಟೇ ಬರುತ್ತದೆ, ಗಡ್ಡೆಗಳ ಸರ ಮಣ್ಣಲ್ಲೇ ಉಳಿಯುತ್ತದೆ. ಬಿತ್ತಿದ ಕೂಡಲೇ ಹೊಡೆಯುವ ಕಸನಾಶಕ ಪೆಂಡಿಮೆಥಾಲಿನ್ ಇದಕ್ಕೆ ನಾಟೋದಿಲ್ಲ. ಈ ಬೆಳೆಗೆ ಕೈಗಳೆಯೇ ಗತಿ. ಬೇಸಿಗೆಯಲ್ಲಿ ಆಳವಾಗಿ ರಂಟೆ ಹೊಡೆದು ಗಡ್ಡೆ ಬಿಸಿಲಿಗೆ ಬಿಡಿ, ಮೇಲೆ ಬಂದವನ್ನು ಆರಿಸಿ ಹೊಲದಿಂದ ಹೊರಗೆ ಹಾಕಿ, ತಿಪ್ಪೆಗೆ ಮಾತ್ರ ಬೇಡ.