ಥ್ರಾಟಲ್ ಕೊಟ್ಟರೂ ಸ್ನೋಮೊಬೈಲ್‌ನ ತೂಕ ಹಿಂದಕ್ಕೆ ಬರುತ್ತಿಲ್ಲವೇ?

ಥ್ರಾಟಲ್ ಕೊಟ್ಟರೆ ಟ್ರ್ಯಾಕ್ (ಹಿಮದ ಮೇಲೆ ಗಾಡಿಯನ್ನು ನೂಕುವ ರಬ್ಬರ್ ಪಟ್ಟಿ) ಜಾರುತ್ತೆ, ಮುಂದಿನ ಸ್ಕೀ ಹಗುರಾಗಲ್ಲ, ಹಿಂದಿನ ಸ್ಪ್ರಿಂಗ್ ಬಿಗಿ ಮಾಡಿದ ಮೇಲೆ ತೊಂದರೆ ಇನ್ನೂ ಹೆಚ್ಚಾಯ್ತು ಅಂದಿದ್ದೀರಿ. ಬಹುಶಃ ಆ ಬಿಗಿಯೇ ಕಾರಣ. ಹಿಂಭಾಗ ಕುಸಿಯದಿದ್ದರೆ ತೂಕ ಟ್ರ್ಯಾಕಿನ ಮೇಲೆ ಕೂರಲ್ಲ. ಲಿಮಿಟರ್ ಸ್ಟ್ರಾಪ್ (ಹಿಂದಿನ ಸಸ್ಪೆನ್ಷನ್‌ನ ಮುಂಭಾಗ ಕೆಳಕ್ಕೆ ಚಾಚೋದನ್ನು ಮಿತಿಯಲ್ಲಿಡುವ ಪಟ್ಟಿ) ಗಿಡ್ಡವಾಗಿರುವ ಸಾಧ್ಯತೆಯೂ ಇದೆ. ಗಾಡಿ ನೋಡದೆ ಎರಡರಲ್ಲಿ ಯಾವುದು ಅಂತ ಖಚಿತವಾಗಿ ಹೇಳಲಾಗದು.

ಮೊದಲು ಸ್ಯಾಗ್, ಅಂದರೆ ನೀವು ಕೂತಾಗ ಹಿಂಭಾಗ ಎಷ್ಟು ಕುಸಿಯುತ್ತೆ ಅನ್ನೋದನ್ನು ಅಳೆಯಿರಿ. ಹಿಂದಿನ ಬಂಪರ್ ಹಿಡಿದು ಸಸ್ಪೆನ್ಷನ್ ಪೂರ್ತಿ ಚಾಚುವಷ್ಟು ಎತ್ತಿ, ನೆಲದಿಂದ ಬಂಪರಿನ ಎತ್ತರ ಬರೆದಿಟ್ಟುಕೊಳ್ಳಿ. ಆಮೇಲೆ ರೈಡಿಂಗ್ ಬಟ್ಟೆ, ಬೂಟು ಸಮೇತ ಕೂತು, ಇನ್ನೊಬ್ಬರಿಂದ ಅಳೆಸಿ. ವ್ಯತ್ಯಾಸ ಒಟ್ಟು ಟ್ರಾವೆಲ್‌ನ (ಸಸ್ಪೆನ್ಷನ್ ಪೂರ್ತಿ ಚಲಿಸುವ ದೂರದ) ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ಬರಬೇಕು. ಕಡಿಮೆ ಬಂದರೆ ಹಿಂದಿನ ಟಾರ್ಷನ್ ಸ್ಪ್ರಿಂಗಿನ ಕ್ಯಾಮ್ (ಬಿಗಿ ಹೊಂದಿಸುವ ತುಂಡು) ಒಂದು ಹಂತ ಇಳಿಸಿ, ಎರಡೂ ಬದಿ ಸಮನಾಗಿ.

ಅಷ್ಟಕ್ಕೆ ಸರಿಹೋಗದಿದ್ದರೆ ಲಿಮಿಟರ್ ಸ್ಟ್ರಾಪನ್ನು ಒಂದೇ ಒಂದು ತೂತಿನಷ್ಟು ಉದ್ದ ಬಿಡಿ. ಎರಡು ಸ್ಟ್ರಾಪ್ ಇದ್ದರೆ ಎರಡೂ ಒಂದೇ ತೂತಿನಲ್ಲಿರಲಿ. ಇಲ್ಲಿ ಸುಮಾರು ಜನ ಮರೆಯೋದು ಟ್ರ್ಯಾಕ್ ಟೆನ್ಷನ್. ಸ್ಟ್ರಾಪ್ ಉದ್ದ ಬದಲಾದರೆ ಅದೂ ಬದಲಾಗುತ್ತೆ, ಮ್ಯಾನುಯಲ್‌ನ ಅಳತೆಗೆ ಮತ್ತೆ ಹೊಂದಿಸಲೇಬೇಕು.

ಇನ್ನೂ ಬೇಕೆನಿಸಿದರೆ ಸ್ಕಿಡ್‌ನ (ಟ್ರ್ಯಾಕಿನ ಒಳಗಿರುವ ಹಿಂದಿನ ಸಸ್ಪೆನ್ಷನ್) ಮುಂದಿನ ಶಾಕ್‌ನ ಪ್ರಿಲೋಡ್, ಅಂದರೆ ಸ್ಪ್ರಿಂಗಿನ ಆರಂಭದ ಬಿಗಿ, ಒಂದೊಂದೇ ಸುತ್ತು ಏರಿಸಿ. ಕಪ್ಲರ್ ಬ್ಲಾಕ್ (ಸ್ಕಿಡ್‌ನ ಮುಂದಿನ, ಹಿಂದಿನ ಭಾಗಗಳ ಚಲನೆಯನ್ನು ಜೋಡಿಸುವ ತುಂಡು) ಕೊನೆಗೆ ಮುಟ್ಟಿ. ಯಾವ ದಿಕ್ಕಿಗೆ ತಿರುಗಿಸಬೇಕು ಅನ್ನೋದು ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅದೇ ದಾರಿಯಲ್ಲಿ ಓಡಿಸಿ ನೋಡಿ. ತಿರುವಿನಲ್ಲಿ ಥ್ರಾಟಲ್ ಕೊಟ್ಟಾಗ ಸ್ಕೀ ಹಿಡಿತ ಬಿಟ್ಟು ಗಾಡಿ ನೇರ ಹೋದರೆ ಅತಿಯಾಗಿದೆ ಅಂತ ಅರ್ಥ. ತಕ್ಷಣ ಸ್ಟ್ರಾಪ್ ಒಂದು ತೂತು ಮತ್ತೆ ಗಿಡ್ಡ ಮಾಡಿ.