ಅರಗಾರ್ನ್ ಡೆಕ್ ಕಟ್ಟುವ ಮೊದಲು ಅವನ ಖರ್ಚಿಗೆ ದಾರಿ ಮಾಡಿ

‘ದಿ ಲಾರ್ಡ್ ಆಫ್ ದಿ ರಿಂಗ್ಸ್: ದಿ ಕಾರ್ಡ್ ಗೇಮ್’ನ ಕೋರ್ ಸೆಟ್ ಒಂದೇ ಇದೆ, ಗೆಳೆಯನ ಜೊತೆ ಆಡುತ್ತೇನೆ, ಅರಗಾರ್ನ್ ಅನ್ನೋ ಹೀರೋ ಸುತ್ತಲೇ ಡೆಕ್ (ಆಟಕ್ಕೆ ಆರಿಸಿಕೊಂಡ ಕಾರ್ಡ್‌ಗಳ ಕಟ್ಟು) ಕಟ್ಟಬೇಕು, ಆದರೆ ಒಳ್ಳೊಳ್ಳೆ ಕಾರ್ಡ್ ಹಾಕಿದರೂ ಸೋಲುತ್ತಿದ್ದೇನೆ ಅಂತ ಕೇಳಿದ್ದೀರಿ. ನಾನು ಈ ಆಟದಲ್ಲಿ ಅರಗಾರ್ನ್‌ನನ್ನು ಬಿಟ್ಟು ಆಡಿದ್ದೇ ಕಡಿಮೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಅವನ ಕಾರ್ಡ್ ಇನ್ನೊಮ್ಮೆ ನೋಡಿ. ವಿಲ್‌ಪವರ್ (ಕ್ವೆಸ್ಟ್‌ನಲ್ಲಿ ಲೆಕ್ಕಕ್ಕೆ ಬರುವ ಬಲ) 2, ಅಟ್ಯಾಕ್ 3, ಡಿಫೆನ್ಸ್ 2, ಹಿಟ್ ಪಾಯಿಂಟ್ 5. ಕ್ವೆಸ್ಟ್‌ಗೆ, ಅಂದರೆ ಕತೆ ಮುಂದೆ ತಳ್ಳುವ ಕೆಲಸಕ್ಕೆ, ಕಳಿಸಿದಾಗ ಬೇರೆ ಹೀರೋಗಳ ಹಾಗೆ ಇವನೂ ಅಡ್ಡ ತಿರುಗುತ್ತಾನೆ, ಆ ಸುತ್ತಲ್ಲಿ ಬೇರೆ ಕೆಲಸಕ್ಕೆ ಸಿಗಲ್ಲ. ಆದರೆ ಅವನದೇ 1 ರಿಸೋರ್ಸ್ (ಕಾರ್ಡ್ ಇಳಿಸೋಕೆ ಕೊಡುವ ಟೋಕನ್) ಕೊಟ್ಟರೆ ತಕ್ಷಣ ನೇರ ಆಗುತ್ತಾನೆ. ಒಂದೇ ಸುತ್ತಲ್ಲಿ ಕ್ವೆಸ್ಟೂ ಆಯಿತು, ಹೊಡೆದಾಟಕ್ಕೂ ಸಿಕ್ಕ. ಇದೇ ಅವನ ಸೊಗಸು, ಇದೇ ಅವನ ತೊಂದರೆ ಕೂಡ. ಸುತ್ತಿಗೆ ಒಬ್ಬ ಹೀರೋಗೆ ಬರೋದೇ 1 ರಿಸೋರ್ಸ್. ಅದನ್ನು ಇದಕ್ಕೇ ಸುರಿದರೆ ಕೈಯಲ್ಲಿರುವ ಕಾರ್ಡ್ ಇಳಿಸೋದಕ್ಕೆ ಅವನ ಹತ್ತಿರ ಏನೂ ಉಳಿಯಲ್ಲ. ನಿಮ್ಮ ‘ಒಳ್ಳೊಳ್ಳೆ ಕಾರ್ಡ್’ಗಳು ಕೈಯಲ್ಲೇ ಕೊಳೆಯುತ್ತಿರೋದು ಇದಕ್ಕೇ ಅನ್ನೋದು ನನ್ನ ಅಂದಾಜು.

ಅದಕ್ಕೇ ಎರಡನೇ ಹೀರೋ ಥಿಯೋಡ್ರೆಡ್. ನೋಡೋಕೆ ಬಡಪಾಯಿ, ವಿಲ್‌ಪವರ್ ಬರೀ 1. ಆದರೆ ಅವನು ಕ್ವೆಸ್ಟ್‌ಗೆ ಹೋದಾಗ ಜೊತೆಗೆ ಬಂದ ಒಬ್ಬ ಹೀರೋಗೆ 1 ರಿಸೋರ್ಸ್ ಕೊಡುತ್ತಾನೆ. ಮೊದಲು ಥಿಯೋಡ್ರೆಡ್ ಕೊಡಲಿ, ಆಮೇಲೆ ಅರಗಾರ್ನ್ ಅದನ್ನು ಖರ್ಚು ಮಾಡಿ ನೇರ ಆಗಲಿ. ಈಗ ನೇರ ಆಗೋದು ಪುಕ್ಕಟೆ ಆಯಿತಲ್ವಾ? ಇದರ ಮೇಲೆ ‘ಸ್ಟೂವರ್ಡ್ ಆಫ್ ಗೊಂಡೋರ್’ ಕಾರ್ಡ್ ಅರಗಾರ್ನ್‌ಗೆ ಕೂತರೆ ಸುತ್ತಿಗೆ ಇನ್ನೂ 2 ಬರುತ್ತೆ. ಒಟ್ಟು 4. ಅದರಲ್ಲಿ 1 ಕೊಟ್ಟು ನೇರ ಆದರೂ 3 ಉಳಿಯುತ್ತೆ.

ಮೂರನೆಯವಳು ಎಯೋವಿನ್. ವಿಲ್‌ಪವರ್ 4, ಥ್ರೆಟ್ (ಶತ್ರುಗಳನ್ನು ಮೈಮೇಲೆ ಎಳೆಯುವ ಅಪಾಯದ ಅಂಕ) 9 ಮಾತ್ರ. ಕಾರ್ಡ್‌ಗಳು ಗುಂಪುಗಳಾಗಿ ಬರುತ್ತವೆ, ಒಂದು ಗುಂಪಿನ ಕಾರ್ಡಿಗೆ ಆ ಗುಂಪಿನ ಹೀರೋನೇ ರಿಸೋರ್ಸ್ ಕೊಡಬೇಕು. ಅವಳು ಸ್ಪಿರಿಟ್ ಗುಂಪಿನವಳಾದ್ದರಿಂದ ‘ಎ ಟೆಸ್ಟ್ ಆಫ್ ವಿಲ್’ ಹಾಕಬಹುದು. 1 ರಿಸೋರ್ಸ್‌ಗೆ ಕೆಟ್ಟ ಕಾರ್ಡೊಂದರ ‘ವೆನ್ ರಿವೀಲ್ಡ್’ (ತೆರೆದ ಕೂಡಲೇ ಬೀಳುವ) ಏಟು ತಪ್ಪುತ್ತೆ. ‘ಸೆಲೆಬ್ರಿಯನ್ಸ್ ಸ್ಟೋನ್’ ಅರಗಾರ್ನ್‌ಗೆ ಕಟ್ಟಿದರೆ ಅವನ ವಿಲ್‌ಪವರ್ 4 ಆಗೋದಲ್ಲದೆ ಸ್ಪಿರಿಟ್ ಕಾರ್ಡಿಗೂ ಅವನೇ ರಿಸೋರ್ಸ್ ಕೊಡಬಹುದು. ಮೇಲಿನ 3 ಉಳಿತಾಯ ಖರ್ಚಾಗುವ ದಾರಿ ಇದು.

ಸಂಖ್ಯೆ ವಿಷಯದಲ್ಲಿ ಜಿಪುಣರಾಗಿ. ಕನಿಷ್ಠ 50 ಕಾರ್ಡ್ ಅಂತ ನಿಯಮ ಇದೆ, ಸರಿಯಾಗಿ 50ಕ್ಕೇ ನಿಲ್ಲಿಸಿ. ‘ಇದೂ ಇರಲಿ’ ಅಂತ 60 ಮಾಡಬೇಡಿ. 50ರಲ್ಲಿ 3 ಸ್ಟೂವರ್ಡ್ ಇದ್ದರೆ ಮೊದಲ 6 ಕಾರ್ಡಲ್ಲಿ ಒಂದಾದರೂ ಸಿಗುವ ಸಾಧ್ಯತೆ ಸುಮಾರು 32%. ಸಿಗದಿದ್ದರೆ ಕೈಯನ್ನು ಒಮ್ಮೆ ಪೂರ್ತಿ ವಾಪಸ್ ಕಲೆಸಿ ಹೊಸದು ತೆಗೆಯಬಹುದು, ಅದೂ ಸೇರಿದರೆ ಸುಮಾರು 54%. 60 ಕಾರ್ಡಾದರೆ ಆ 32 ಇಳಿದು 27ರ ಹತ್ತಿರ ಬರುತ್ತೆ. 2011ರ ಹಳೆ ಪೆಟ್ಟಿಗೆಯಲ್ಲಿ ಕೆಲವು ಕಾರ್ಡ್ ಮೂರು ಪ್ರತಿ ಬರಲ್ಲ (‘ಅನ್‌ಎಕ್ಸ್‌ಪೆಕ್ಟೆಡ್ ಕರೇಜ್’ ಒಂದೇ ಒಂದು, ಹೊಟ್ಟೆ ಉರಿಯುತ್ತೆ). ಇನ್ನೂ ಕೊಂಡಿಲ್ಲದವರು ಮೂರು ಮೂರು ಪ್ರತಿ ಇರುವ ರಿವೈಸ್ಡ್ ಕೋರ್ ಸೆಟ್ ನೋಡಲಿ.

ಗ್ಯಾಂಡಾಲ್ಫ್ 3, ‘ಸ್ನೀಕ್ ಅಟ್ಯಾಕ್’ 3, ಇದಕ್ಕೆ ವಾದವೇ ಬೇಡ. ಸ್ನೀಕ್ ಅಟ್ಯಾಕ್ ಆಡಿದರೆ 5 ಬೆಲೆಯ ಗ್ಯಾಂಡಾಲ್ಫ್ 1 ರಿಸೋರ್ಸ್‌ಗೆ ಬಂದು, ಥ್ರೆಟ್ 5 ಇಳಿಸಿಯೋ ಶತ್ರುವಿಗೆ 4 ಡ್ಯಾಮೇಜ್ ಕೊಟ್ಟೋ ಮತ್ತೆ ಕೈಗೆ ವಾಪಸ್ ಬರುತ್ತಾನೆ.

ಇನ್ನು ನೀವು ಸೋಲುತ್ತಿರುವ ಆಟ, ‘ಜರ್ನಿ ಅಲಾಂಗ್ ದಿ ಆಂಡುಯಿನ್’. ಅಲ್ಲಿನ ಹಿಲ್ ಟ್ರೋಲ್ ಥ್ರೆಟ್ 30 ಮುಟ್ಟಿದವರ ಮೇಲೆ ಬೀಳುತ್ತೆ. ನಮ್ಮ ಮೂವರ ಥ್ರೆಟ್ 12, 8, 9, ಒಟ್ಟು 29. ಮೊದಲ ಸುತ್ತಲ್ಲಿ ಕ್ವೆಸ್ಟ್ ಸೋಲದಿದ್ದರೆ ಬಚಾವ್. ಸುತ್ತು ಮುಗಿದಾಗ ಹೇಗೂ 1 ಏರುತ್ತೆ, ಎರಡನೇ ಸುತ್ತಿಗೆ ಟ್ರೋಲ್ ಮೈಮೇಲೆ. ಅದರ ಅಟ್ಯಾಕ್ 6. ಅರಗಾರ್ನ್ ತಡೆದರೆ ಡಿಫೆನ್ಸ್ 2 ಕಳೆದು 4 ಡ್ಯಾಮೇಜ್, ಉಳಿಯೋದು 1 ಹಿಟ್ ಪಾಯಿಂಟ್. ಶ್ಯಾಡೋ ಕಾರ್ಡ್ (ಶತ್ರುವಿನ ದಾಳಿಗೆ ಮುಚ್ಚಿ ಹಂಚುವ ಕಾರ್ಡ್) ಅಟ್ಯಾಕ್‌ಗೆ ಇನ್ನೊಂದು ಸೇರಿಸಿತೋ, ಅವನ ಕತೆ ಮುಗೀತು. ಅವನ ಜೊತೆ ಸ್ಟೂವರ್ಡ್, ಸ್ಟೋನ್ ಎಲ್ಲ ಹೋಯಿತು. ಒಬ್ಬನನ್ನೇ ನಂಬಿದ ಡೆಕ್ ಸೋಲೋದು ಸಾಮಾನ್ಯವಾಗಿ ಹೀಗೇ. ಅದಕ್ಕೆ ಅವನು ಹೊಡೆಯಲಿ, ತಡೆಯೋದು ಬೇರೆಯವರು. ಸ್ನೋಬೋರ್ನ್ ಸ್ಕೌಟ್ ಥರದ 1 ಬೆಲೆಯ ಆಳನ್ನು ಮುಂದೆ ಬಿಡಬಹುದು, ಆದರೆ ಟ್ರೋಲ್ ಕೊಟ್ಟ ಹೆಚ್ಚುವರಿ ಡ್ಯಾಮೇಜ್ ಪೂರ್ತಿ ನಿಮ್ಮ ಥ್ರೆಟ್‌ಗೆ ಸೇರುತ್ತೆ. ಗ್ಯಾಂಡಾಲ್ಫ್ ಇದ್ದರೆ ಅವನೇ ತಡೆಯಲಿ. ಡಿಫೆನ್ಸ್ 4, ಹಿಟ್ ಪಾಯಿಂಟ್ 4. ಸುತ್ತು ಮುಗಿದಾಗ ಹೇಗೂ ಹೋಗುವವನು.

ಗೆಳೆಯನಿಗೆ ಟ್ಯಾಕ್ಟಿಕ್ಸ್ ಮತ್ತು ಲೋರ್ ಗುಂಪುಗಳನ್ನು ಬಿಟ್ಟುಕೊಡಿ. ಗಿಮ್ಲಿ, ಲೆಗೊಲಾಸ್, ಡೆನೆಥೋರ್ ಸಾಕು. ಅರಗಾರ್ನ್‌ಗೆ ಸೆಂಟಿನೆಲ್ ಇರೋದರಿಂದ ಗೆಳೆಯನ ಕಡೆಯ ಸಣ್ಣ ಶತ್ರುವನ್ನೂ ಅವನು ತಡೆಯಬಲ್ಲ. ಈ ಕೆಲಸಕ್ಕೆ ಮಾತ್ರ ಅವನ ಡಿಫೆನ್ಸ್ ಬಳಸಿ. ಕೈಗೆ ಫರಾಮಿರ್ ಬಂದರೆ ಅವನ +1 ವಿಲ್‌ಪವರ್ ಇಬ್ಬರಲ್ಲಿ ಯಾರ ಕಡೆ ಜಾಸ್ತಿ ಜನ ಕ್ವೆಸ್ಟ್‌ಗೆ ಹೋಗಿದ್ದಾರೋ ಅವರಿಗೆ ಕೊಡಿ.

ಕೊನೆಯ ಆಟ ‘ಎಸ್ಕೇಪ್ ಫ್ರಮ್ ದೊಲ್ ಗುಲ್ದುರ್’ಗೆ ಮಾತ್ರ ಈ ಡೆಕ್ ಒಯ್ಯಬೇಡಿ. ಅಲ್ಲಿ ಶುರುವಿನಲ್ಲೇ ಒಬ್ಬ ಹೀರೋ ಚೀಟಿ ಎತ್ತಿದಂತೆ ಸೆರೆಯಾಗುತ್ತಾನೆ. ಇಬ್ಬರ ಆಟದಲ್ಲಿ ಅದು ಅರಗಾರ್ನ್ ಆಗುವ ಸಾಧ್ಯತೆ ಆರರಲ್ಲಿ ಒಂದು. ಒಬ್ಬರೇ ಆಡಿದರೆ ಮೂರರಲ್ಲಿ ಒಂದು.