ಅಕ್ಕೋರೆ, ಆ ಪಟ್ಟಿ ಹರಿದು ಹಾಕ್ಬೇಡಿ

(ಅಂಕೋಲಾ ಕಡೆಯ ನಿವೃತ್ತ ಟೀಚರ್, ಅಂದ್ರೆ ನಮ್ಮ ಕಡೆಯ ಅಕ್ಕೋರು, ಒಬ್ರು ನಾಲ್ಕು ಪುಟ ಬರೆದಿದಾರೆ. ಸಾರ ಇಷ್ಟು: ಅವರೂರಿನ ಲೈಬ್ರರಿಗೆ ಮುಂಬೈಲಿರೋ ಊರವರೊಬ್ರು ಹತ್ತು ಸಾವಿರ ಕೊಟ್ಟಿದಾರೆ, ಹೈಸ್ಕೂಲು-ಕಾಲೇಜು ಮಕ್ಕಳಿಗೇ ಖರ್ಚಾಗ್ಬೇಕು ಅಂತ. ಮಕ್ಕಳನ್ನ ಕೇಳಿದ್ರೆ ಇಪ್ಪತ್ತೆರಡು ಹೆಸರಿನ ಪಟ್ಟಿ ಕೊಟ್ರಂತೆ, ಎಲ್ಲ ಜಪಾನಿಂದು. "ಹಿಂದಿನಿಂದ ಮುಂದಕ್ಕೆ ಓದೋ ಚಿತ್ರದ ಪುಸ್ತಕವಂತೆ, ಕೊಯ್ಯೋದು ಕಡಿಯೋದೇ ಜಾಸ್ತಿಯಂತೆ, ಇದಕ್ಕೆ ದುಡ್ಡು ಹಾಕೋದು ಸರಿಯಾ? ಹಾಕೋದಾದ್ರೆ ಯಾವುದು? ತಿಂಗಳಿಗೊಂದು ಪಿಕ್ಚರ್ ತೋರಿಸೋದಾದ್ರೆ ಯಾವುದು?" ಅಂತ ಕೇಳಿದಾರೆ.)

ಅಕ್ಕೋರೆ, ನಮಸ್ಕಾರ.

ಕಾಗದ ಬಂದು ಮೂರು ವಾರ ಆಯ್ತು, ಉತ್ತರ ತಡ ಆಗಿದ್ದಕ್ಕೆ ಬೈಬೇಡಿ, ಶಿರಸಿಯ ಮಳೆಯಲ್ಲಿ ನಮ್ಮ ಆಫೀಸಿನ ಪ್ರಿಂಟರ್ರಿಗೂ ಬೂಷ್ಟು ಬಂತು, ಅದು ಬೇರೆ ಕಥೆ.

ಮೊದಲು ನನ್ನ ಮರ್ಯಾದೆ ಹೋಗಿದ್ದು ಹೇಳ್ತೇನೆ. ಎರಡು ವರ್ಷದ ಹಿಂದೆ ಇಲ್ಲೇ ಒಂದು ವಾಚನಾಲಯದಲ್ಲಿ ಮಾಂಗಾ ಅಂತ, ಅಂದ್ರೆ ಜಪಾನಿನ ಚಿತ್ರಕಥೆ, ಆರು ಪುಸ್ತಕ ಬಂದಿದ್ವು. ನಾನು ಒಂದು ತಗೊಂಡು ಬಂದು ನಮ್ಮ ಪುಸ್ತಕದ ಹಾಗೇ ತೆಗೆದು ಓದಕ್ಕೆ ಕೂತೆ. ಮೊದಲ ಪುಟದಲ್ಲೇ ಒಬ್ಬ ಅಳ್ತಿದಾನೆ, ಯಾಕೆ ಗೊತ್ತಿಲ್ಲ, ನಾಲ್ಕು ಪುಟ ಆದ್ಮೇಲೆ ಹೊಡೆದಾಟ, ಹತ್ತು ಪುಟ ಆದ್ಮೇಲೆ ಅದೇ ಹುಡುಗ ನಗ್ತಾ ಊಟ ಮಾಡ್ತಿದಾನೆ. ಜಪಾನಿನವರ ಶೈಲಿಯೇ ಹೀಗಿರ್ಬೇಕು ಅಂದ್ಕೊಂಡು ಅರ್ಧ ಪುಸ್ತಕ ಮುಗಿಸಿದೆ ಮಾರಾಯ್ರೆ! ಪಕ್ಕದ್ಮನೆ ಮಾಣಿ ಬಂದು ನೋಡಿ ನಕ್ಕಿದ್ದು ನಕ್ಕಿದ್ದೇ. ಇಂಗ್ಲಿಷಿಗೆ ಬಂದ ಈ ಪುಸ್ತಕಗಳಲ್ಲಿ, ನಮಗೆ ಮೊದಲ ಪುಟ ಅನಿಸೋ ಜಾಗದಲ್ಲಿ, "ನಿಲ್ಲಿ, ನೀವು ತಪ್ಪು ಕಡೆಯಿಂದ ಓದ್ತಿದೀರಿ" ಅನ್ನೋ ಅರ್ಥದ ಒಂದು ಪುಟ ಹೆಚ್ಚಾಗಿ ಇರ್ತದೆ. ಇದರಲ್ಲೂ ಇತ್ತು. ವಾಚನಾಲಯದವರು ಸರಿಯಾಗಿ ಅದರ ಮೇಲೇ, ನಾಲ್ಕೂ ಅಂಚಿಗೆ ಅಂಟು ಹಚ್ಚಿ, ತಾರೀಖು ಹಾಕೋ ಸ್ಲಿಪ್ ಅಂಟಿಸಿದ್ರು.

ಆದ್ರೆ ಆ ಆರು ಪುಸ್ತಕ ಧೂಳು ತಿಂದಿದ್ದು ಸ್ಲಿಪ್ಪಿನಿಂದಲ್ಲ. ಯಾರೋ ಅಂಗಡಿಗೆ ಹೋಗಿ ಚಂದ ಕಂಡಿದ್ದು ಎತ್ಕೊಂಡು ಬಂದಿದ್ರು, ಒಂದರ ಮೂರನೇ ಭಾಗ, ಇನ್ನೊಂದರ ಒಂಬತ್ತು ಮತ್ತೆ ಹದಿನಾಲ್ಕು, ಹೀಗೆ. ಧಾರಾವಾಹಿ ಕಾದಂಬರಿಯ ಹದಿನಾಲ್ಕನೇ ಕಂತು ಮಾತ್ರ ಕೊಟ್ರೆ ನೀವು ಓದ್ತೀರಾ? ಮಕ್ಕಳೂ ಓದ್ಲಿಲ್ಲ. ವರ್ಷದ ಕೊನೆಗೆ "ನೋಡಿ, ಈಗಿನವರಿಗೆ ಓದೋ ಅಭ್ಯಾಸವೇ ಇಲ್ಲ" ಅಂತ ಸಭೆಯಲ್ಲಿ ಭಾಷಣ ಆಯ್ತು, ಭಾಷಣ ಮಾಡಿದವರಲ್ಲಿ ನಾನೂ ಒಬ್ಬ.

ಹಾಗಾಗಿ ನಾನು ಹೇಳೋದು ಒಂದೇ ಮಾತು: ಚಿಕ್ಕ ಸರಣಿ ತಗೊಳ್ಳಿ, ಪೂರ್ತಿ ತಗೊಳ್ಳಿ. ನಿಮ್ಮ ಮಕ್ಕಳ ಪಟ್ಟಿಯಲ್ಲಿ ಮೊದಲನೇದು ಒನ್ ಪೀಸ್, ಅದು 1997ರಿಂದ ಇನ್ನೂ ಬರ್ತಾನೇ ಇದೆ, ನೂರು ಸಂಪುಟ ದಾಟಿದೆ. ನಿಮ್ಮ ಹತ್ತು ಸಾವಿರ ಅದರ ಕಾಲು ಭಾಗಕ್ಕೂ ಸಾಕಾಗೋದು ಕಷ್ಟ. ಅದನ್ನ ಬಿಡಿ. ಮಕ್ಕಳಿಗೆ ಲೆಕ್ಕ ತೋರ್ಸಿ ಬಿಡಿ, ಕೆಟ್ಟದ್ದು ಅಂತ ಹೇಳಿ ಅಲ್ಲ.

ನನ್ನ ಮೊದಲ ಆಯ್ಕೆ ಎ ಸೈಲೆಂಟ್ ವಾಯ್ಸ್, ಯೋಶಿತೋಕಿ ಓಯಿಮಾ ಅನ್ನೋರದ್ದು, ಏಳೇ ಸಂಪುಟ. ಕಿವಿ ಕೇಳದ ಹುಡುಗಿ ಒಬ್ಳು ಕ್ಲಾಸಿಗೆ ಬರ್ತಾಳೆ, ಒಬ್ಬ ಅವಳ ಹಿಯರಿಂಗ್ ಏಡ್ ಕಿತ್ತು ಬಿಸಾಕ್ತಾನೆ, ಉಳಿದವರು ನಗ್ತಾರೆ, ಮಾಸ್ತರು ನೋಡಿಯೂ ನೋಡದ ಹಾಗೆ ಇರ್ತಾರೆ. ಆಮೇಲೆ ಆ ಹುಡುಗನೇ ಎಲ್ಲರಿಂದ ದೂರ ಆಗ್ತಾನೆ, ವರ್ಷಗಳ ನಂತರ ಸೈನ್ ಭಾಷೆ ಕಲಿತು ಅವಳನ್ನ ಹುಡ್ಕೊಂಡು ಹೋಗ್ತಾನೆ. ಹಾಗೆ ದೂರ ಆದ ಮೇಲೆ ಅವನಿಗೆ ಹೈಸ್ಕೂಲಿನಲ್ಲಿ ಯಾರ ಮುಖ ನೋಡೋ ಧೈರ್ಯವೂ ಇರೋದಿಲ್ಲ, ಅದಕ್ಕೆ ಚಿತ್ರದಲ್ಲಿ ಅವರ ಮುಖದ ಮೇಲೆಲ್ಲ ದೊಡ್ಡ ಗುಣಾಕಾರದ ಗುರುತು. ಒಬ್ಬನ ಜೊತೆ ಸ್ನೇಹ ಆಯ್ತು ಅಂದ್ರೆ ಆ ಒಂದು ಮುಖದಿಂದ ಗುರುತು ಕಳಚಿ ಬೀಳ್ತದೆ. ಇಷ್ಟನ್ನ ಮಾತಿನಲ್ಲಿ ಹೇಳಕ್ಕೆ ನಮ್ಮ ಕಥೆಗಾರರಿಗೆ ಎರಡು ಪುಟ ಬೇಕು. ಇದರಲ್ಲಿ ಆತ್ಮಹತ್ಯೆಯ ವಿಷಯ ಬರ್ತದೆ ಅಕ್ಕೋರೆ, ಮುಚ್ಚಿಡೋದಿಲ್ಲ, ಎಂಟನೇ ಕ್ಲಾಸಿನವರಿಗೆ ಬೇಡ, ಒಂಬತ್ತು ಹತ್ತರವರಿಗೆ ಕೊಡಿ, ಕೊಡೋ ಮೊದಲು ನೀವು ಓದಿ.

ಎರಡನೇದು ಸಿಲ್ವರ್ ಸ್ಪೂನ್, ಹದಿನೈದು ಸಂಪುಟ. ಮಾರ್ಕ್ಸಿನ ಓಟದಲ್ಲಿ ಸುಸ್ತಾದ ಪೇಟೆ ಹುಡುಗ ಹೊಕ್ಕೈಡೋದ ಕೃಷಿ ಹೈಸ್ಕೂಲು ಸೇರ್ತಾನೆ, ಮೊಟ್ಟೆ ಕೋಳಿಯ ಎಲ್ಲಿಂದ ಬರ್ತದೆ ಅಂತ ನೋಡಿ ಕಂಗಾಲಾಗ್ತಾನೆ. ಬರೆದ ಹಿರೋಮು ಅರಾಕಾವಾ ಹೈನುಗಾರರ ಮನೆಯವರೇ, ಅದಕ್ಕೇ ಸಗಣಿ ವಾಸನೆ ಪುಟದಿಂದ ಬರ್ತದೆ. ಹಾಲಿನ ಡೇರಿಗೆ ಕ್ಯಾನ್ ಹೊತ್ತು ಶಾಲೆಗೆ ಹೋಗೋ ನಮ್ಮ ಮಕ್ಕಳಿಗೆ ಇದರಷ್ಟು ಹತ್ರದ್ದು ಇನ್ನೊಂದಿಲ್ಲ, ತೋಟ ಇಟ್ಕೊಂಡು ಮಗನನ್ನ ಬೆಂಗಳೂರಿಗೆ ಕಳಿಸೋ ಅಪ್ಪ-ಅಮ್ಮನೂ ಓದ್ಬಹುದು. ಸಾಕಿದ ಹಂದಿಮರಿಗೆ ಹೆಸರಿಟ್ಟು ಆಮೇಲೆ ಅದು ಕಸಾಯಿಗೆ ಹೋಗೋ ಭಾಗ ಇದೆ. ಸಸ್ಯಾಹಾರಿ ಮನೆಯವರು ಆಕ್ಷೇಪ ತೆಗೀಬಹುದು, ಆದ್ರೆ ತಟ್ಟೆಗೆ ಬಂದಿದ್ದು ಎಲ್ಲಿಂದ ಬಂತು ಅಂತ ಇಷ್ಟು ನಿಯತ್ತಿನಿಂದ ಕೇಳಿದ ಪುಸ್ತಕ ನಾನು ಬೇರೆ ಓದಿಲ್ಲ. ಹೊರಗಿಂದ ತರಿಸೋದು, ಸ್ವಲ್ಪ ತುಟ್ಟಿ. ಅದಕ್ಕೆ ಈ ವರ್ಷ ಏಳರ ಸರಣಿ, ಮುಂದಿನ ವರ್ಷ ಇದು.

ಈಗ ನನ್ನ ನಿಯಮ ನಾನೇ ಮುರೀತೇನೆ. ಹೈಕ್ಯೂ ನಲವತ್ತೈದು ಸಂಪುಟ. ಆದ್ರೂ ಮೊದಲ ಎಂಟ್ಹತ್ತು ತಗೊಳ್ಳಿ, ಯಾಕಂದ್ರೆ ಅದು ವಾಲಿಬಾಲು. ಗದ್ದೆ ಕೊಯ್ಲಾದ ಮೇಲೆ ಲೈಟು ಕಟ್ಟಿ ರಾತ್ರಿಯೆಲ್ಲ ಟೂರ್ನಮೆಂಟ್ ಆಡೋ ಜಿಲ್ಲೆ ನಮ್ಮದು, ಪುಸ್ತಕ ಮುಟ್ಟದ ಹುಡುಗರೂ ಸರ್ವೀಸು, ಬ್ಲಾಕು, ಲಿಬೆರೋ ಅಂತ ರಾತ್ರಿ ಹನ್ನೆರಡರವರೆಗೆ ವಾದ ಮಾಡ್ತಾರೆ. ಇದರ ಹೀರೋ 163 ಸೆಂಟಿಮೀಟರೂ ಇಲ್ಲದ ಗಿಡ್ಡ, ನೆಟ್ಟಿನ ಮೇಲೆ ಹಾರಿ ಹೊಡೀಬೇಕು ಅನ್ನೋ ಹಟ. ಉಳಿದ ಭಾಗಕ್ಕೆ ಆ ಹುಡುಗರೇ ಟೂರ್ನಮೆಂಟಿನ ಉಳಿಕೆ ದುಡ್ಡು ತಂದು ಕೊಡ್ತಾರೆ, ನೋಡ್ತಿರಿ.

ಕೊಯ್ಯೋದು ಕಡಿಯೋದು ಅಂದ್ರಲ್ಲ. ಹೌದು, ಇದೆ. ಡೀಮನ್ ಸ್ಲೇಯರ್ ಇಪ್ಪತ್ಮೂರು ಸಂಪುಟದ ತುಂಬ ರಾಕ್ಷಸರ ತಲೆ ಉರುಳ್ತದೆ. ಆದ್ರೆ ಅಕ್ಕೋರೆ, ಯಕ್ಷಗಾನದಲ್ಲಿ ದುಃಶಾಸನನ ಕರುಳು ತೆಗೆಯೋದನ್ನ ಬೆಳಗಿನ ಜಾವ ಅಜ್ಜನ ತೊಡೆ ಮೇಲೆ ಕೂತು ಕಣ್ಣು ಮಿಟುಕಿಸದೆ ನೋಡಿದವರು ನಾವು. ರಕ್ತ ನೋಡಿ ಗಾಬರಿ ಆಗೋದಕ್ಕಿಂತ ವಯಸ್ಸು ನೋಡಿ. ಬಹಳಷ್ಟು ಪುಸ್ತಕದ ಹಿಂಬದಿ ಗುರುತು ಇರ್ತದೆ: ಟಿ ಅಂದ್ರೆ ಹದಿಹರೆಯದವರಿಗೆ, ಟಿ ಪ್ಲಸ್ ಅಂದ್ರೆ ಸ್ವಲ್ಪ ದೊಡ್ಡವರಿಗೆ, ಎಂ ಅಂದ್ರೆ ದೊಡ್ಡವರಿಗೆ ಮಾತ್ರ. ಒಂದು ಎಚ್ಚರಿಕೆ, ಅಲ್ಲಿ ಎ ಅಂದ್ರೆ ಎಲ್ಲರಿಗೂ ಅಂತ, ನಮ್ಮ ಟಾಕೀಸಿನ ಎ ಅಲ್ಲ, ಅದನ್ನ ನೋಡಿ ಪಾಪದ ಪುಸ್ತಕ ವಾಪಸ್ ಕಳಿಸ್ಬೇಡಿ. ಡೆತ್ ನೋಟ್ ಹನ್ನೆರಡೇ ಸಂಪುಟ, ಪಿಯುಸಿಯವರಿಗೆ ಸರಿ. ಅಟ್ಯಾಕ್ ಆನ್ ಟೈಟನ್ ಸದ್ಯ ಬೇಡ ಅಂತ ನನ್ನ ಅಭಿಪ್ರಾಯ, ಮಕ್ಕಳು ನನ್ನ ಮೇಲೆ ಸಿಟ್ಟಾಗ್ಲಿ ಪರವಾಗಿಲ್ಲ. ಮತ್ತೆ ಕಾರ್ಟೂನ್ ಅಂದ್ರೆಲ್ಲ ಚಿಕ್ಕವರಿಗೆ ಅನ್ನೋದೂ ಸುಳ್ಳು, ಮನೆಮನೆಯಲ್ಲಿ ಓಡೋ ಶಿನ್‌ಚಾನ್ ಮೊದಲು ಬಂದಿದ್ದು 1990ರಲ್ಲಿ, ದೊಡ್ಡವರು ಓದೋ ವಾರಪತ್ರಿಕೆಯಲ್ಲಿ!

ಈ ಜಗಳ ನಮ್ಮಲ್ಲಿ ಮಾತ್ರ ಅಂತಲ್ಲ. ಹಿರೋಶಿಮಾದ ಬಾಂಬಿನಲ್ಲಿ ಆರು ವರ್ಷದವನಾಗಿ ಬದುಕುಳಿದ ಕೇಜಿ ನಾಕಾಜಾವಾ ಬರೆದ ಬೇರ್‌ಫುಟ್ ಗೆನ್ ಮಾಂಗಾವನ್ನ ಜಪಾನಿನದೇ ಮಾತ್ಸುವೆ ನಗರದ ಶಾಲಾ ಲೈಬ್ರರಿಗಳಲ್ಲಿ ಮಕ್ಕಳ ಕೈಗೆ ಸಿಗದ ಹಾಗೆ ಒಳಗಿಡಿ ಅಂತ ಶಿಕ್ಷಣ ಮಂಡಳಿಯವರೇ ಹೇಳಿದ್ರು, 2013ರಲ್ಲಿ ಸುದ್ದಿಯಾಗಿ ಗಲಾಟೆ ಆದ್ಮೇಲೆ ವಾಪಸ್ ತಗೊಂಡ್ರು.

ಪಿಕ್ಚರ್ ವಿಷಯ. ಮೊದಲ ತಿಂಗಳು ವಿಸ್ಪರ್ ಆಫ್ ದ ಹಾರ್ಟ್ ಹಾಕಿ, 1995ರದ್ದು, ಕಾರ್ಟೂನ್ ಸಿನಿಮಾ ಮಾಡೋ ಜಪಾನಿನ ಜಿಬ್ಲಿ ಸ್ಟುಡಿಯೋದ್ದು, ಯೋಶಿಫುಮಿ ಕೊಂಡೋ ನಿರ್ದೇಶನ. ಹುಡುಗಿ ಲೈಬ್ರರಿಯಿಂದ ಯಾವ ಪುಸ್ತಕ ತಂದ್ರೂ ಒಳಗಿನ ಕಾರ್ಡಿನಲ್ಲಿ ತನಗಿಂತ ಮೊದಲು ಒಬ್ಬನ ಹೆಸರು ಇರ್ತದೆ, ಯಾರಪ್ಪ ಇವನು ಅಂತ ಕಥೆ ಶುರು. ಅವಳ ಅಪ್ಪ ಲೈಬ್ರರಿಯಲ್ಲೇ ಕೆಲಸ, ಇನ್ನು ಕಾರ್ಡು ಹೋಗಿ ಬಾರ್‌ಕೋಡ್ ಬರ್ತದೆ ಅಂತಾನೆ, ಅವಳಿಗೆ ಬೇಜಾರು. ಮುಂದೆ ಕಥೆ ಬರೀತೇನೆ ಅಂತ ಕೂತು ಮಾರ್ಕ್ಸು ಬಿದ್ದುಹೋಗ್ತದೆ, ಅಪ್ಪ-ಅಮ್ಮ ಕೂತು ಏನು ಮಾಡೋದು ಅಂತ ಮಾತಾಡೋ ದೃಶ್ಯ ಇದೆ. ಅವತ್ತು ಪಾಲಕರನ್ನೂ ಕರೀರಿ.

ಪ್ರಿನ್ಸೆಸ್ ಮೊನೊನೊಕೆ ಒಂಬತ್ತನೇ ಕ್ಲಾಸಿನ ಮೇಲೆ. ಕಾಡಿನ ದೇವರುಗಳಿಗೂ ಕಬ್ಬಿಣ ಕರಗಿಸೋ ಊರಿಗೂ ಯುದ್ಧ. 1983ರ ಸೆಪ್ಟೆಂಬರಲ್ಲಿ ಶಿರಸಿ ಹತ್ರದ ಸಾಲ್ಕಣಿಯ ಜನ ಮರ ಕಡಿಯೋದು ತಡೆಯಕ್ಕೆ ಮರ ಅಪ್ಪಿಕೊಂಡು ನಿಂತಿದ್ದು ಗೊತ್ತಿರೋರಿಗೆ, ಬೇಡ್ತಿ ನದಿ ಉಳಿಸೋ ಸಭೆಗೆ ಅಪ್ಪನ ಜೊತೆ ಹೋದ ಮಕ್ಕಳಿಗೆ, ಬಿಡಿಸಿ ಹೇಳೋದೇ ಬೇಡ. ಆದ್ರೆ ನಿರ್ದೇಶಕ ಮಿಯಾಝಾಕಿ ಸುಲಭ ಮಾಡಿ ಕೊಡೋದಿಲ್ಲ. ಮರ ಕಡಿಸೋ ಹೆಂಗಸೇ ಕುಷ್ಠ ಬಂದವರಿಗೆ, ಯಾರಿಗೂ ಬೇಡವಾದ ಹೆಂಗಸರಿಗೆ ಕೆಲಸ ಕೊಟ್ಟು ಸಾಕಿದವಳು. ಈಗ ಯಾರ ಕಡೆ ಅಂತ ಹೇಳಿ? ಮಕ್ಕಳು ಜಗಳ ಆಡ್ಲಿ, ಬಿಡಿ.

ಟೊಟೊರೊ ಚಿಕ್ಕವರಿಗೂ ನಡೀತದೆ, ಪೊನ್ಯೊ ಸಮುದ್ರದ ಪಕ್ಕದ ಮಕ್ಕಳಿಗೆ ಖುಷಿ. ಗ್ರೇವ್ ಆಫ್ ದ ಫೈರ್‌ಫ್ಲೈಸ್ ಮಾತ್ರ ಹುಷಾರು. 1988ರಲ್ಲಿ ಜಪಾನಿನಲ್ಲಿ ಟೊಟೊರೊನೂ ಇದನ್ನೂ ಒಂದೇ ಟಿಕೆಟ್ಟಿಗೆ ಜೋಡಿಯಾಗಿ ತೋರಿಸಿದ್ರು, ಅದು ಹೇಗೆ ಮನಸ್ಸು ಬಂತೋ. ಯುದ್ಧದಲ್ಲಿ ಅನಾಥರಾದ ಅಣ್ಣ-ತಂಗಿ, ತಂಗಿಗೆ ನಾಲ್ಕು ವರ್ಷ, ಪೆಪ್ಪರ್‌ಮೆಂಟಿನ ಡಬ್ಬಿ ಖಾಲಿಯಾದ ಮೇಲೆ ನೀರು ಹಾಕಿ ಅಲ್ಲಾಡಿಸಿ ಆ ಸಿಹಿ ನೀರು ಕುಡೀತಾಳೆ. ನಾನು ಅಲ್ಲಿಗೇ ಎದ್ದು ಹೊರಗೆ ಹೋದವನು.

ಒಂದು ಕಿರಿಕಿರಿ: ನಿಮ್ಮ ಮಗನ ಮನೆ ಓಟಿಟಿ ಅಕೌಂಟಿಂದ ಪ್ರೊಜೆಕ್ಟರ್ ಹಾಕಿ ಊರಿಗೆಲ್ಲ ತೋರಿಸೋ ಹಾಗಿಲ್ಲ, ಅದು ಮನೆಯವರಿಗೆ ಮಾತ್ರ ಅಂತ ಅವರ ಕರಾರು. ವಿತರಕರಿಗೆ ಬರೆದು ಒಪ್ಪಿಗೆ ಕೇಳಿ.

ಕನ್ನಡದ ಗತಿ ಏನು ಅಂತ ಕೊನೆಯಲ್ಲಿ ಬರೆದಿದೀರಿ. ನಾವು ಬಾಲಮಂಗಳದ ಡಿಂಗನನ್ನ ನಮ್ಮವನೇ ಅಂತ ಓದಿದ್ವಿ, ಅವನು ಕೇರಳದಿಂದ ಬಂದ ಇಲಿ. ಹಾಗೆ ಇವೂ ಬರ್ಲಿ. ಒಂದು ಷರತ್ತು ಹಾಕಿ: ಪುಸ್ತಕ ವಾಪಸ್ ಕೊಡುವಾಗ ನಾಲ್ಕು ಸಾಲು ಕನ್ನಡದಲ್ಲಿ ಬರೆದು ಬೋರ್ಡಿಗೆ ಅಂಟಿಸ್ಬೇಕು, ಬೈದಾದ್ರೂ ಸರಿ. ಚೆನ್ನಾಗಿದ್ದಿದ್ದು ನನಗೆ ಕಳಿಸಿ, ಪತ್ರಿಕೆಯಲ್ಲಿ ಹಾಕ್ತೇನೆ.

ಸಿಲ್ವರ್ ಸ್ಪೂನ್ ಮೊದಲ ಸಂಪುಟ ನನ್ನ ಹತ್ರ ಇದ್ದಿದ್ದು ಅಂಕೋಲಾ ಬಸ್ಸಿಗೆ ಹಾಕಿದೇನೆ, ದೀಪಾವಳಿ ಒಳಗೆ ವಾಪಸ್ ಬೇಕು. ಸ್ಲಿಪ್ಪು ಅಂಟಿಸೋ ಮೊದಲು ಯಾವುದಾದ್ರೂ ಮಾಣಿಯನ್ನ ಕೇಳಿ.

— ಸಂ.